ಇಂಜಿನ್ ರೀಬಿಲ್ಡ್ ಮಾಡಿಸಿದ ಮೇಲೂ ಕಂಪ್ರೆಷನ್ ಕಡಿಮೆ ತೋರಿಸುತ್ತಿದೆ, ಯಾಕೆ?

ಕಂಪ್ರೆಷನ್ ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬರುವ ಒತ್ತಡ. ಅದು ಕಡಿಮೆ ಇರಲು ಬಹುಪಾಲು ಕಾರಣ ಒಂದೇ, ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಹೊಸ ಪಿಸ್ಟನ್ ರಿಂಗ್‌ಗಳು ಇನ್ನೂ ಸರಿಯಾಗಿ ಕೂತಿಲ್ಲ. ಹೋನಿಂಗ್ ಮಾಡಿದಾಗ, ಅಂದರೆ ಸಿಲಿಂಡರ್ ಒಳಗೋಡೆಯನ್ನು ಉಜ್ಜಿ ಸರಿಮಾಡಿದಾಗ, ಆ ಗೋಡೆಯ ಮೇಲೆ ಬೇಕಂತಲೇ ಸಣ್ಣ ಗೀರುಗಳನ್ನು ಬಿಟ್ಟಿರುತ್ತಾರೆ. ಇಂಜಿನ್ ಓಡುವಾಗ ಉರಿದ ಗ್ಯಾಸಿನ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ, ಗೀರುಗಳ ತುದಿ ಸವೆದು ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅಲ್ಲಿಯವರೆಗೆ ಗಾಳಿ ಸ್ವಲ್ಪ ಸೋರುತ್ತದೆ. ಒಮ್ಮೆಯೂ ಸ್ಟಾರ್ಟ್ ಮಾಡದ ಇಂಜಿನ್‌ಗೆ ಕಂಪ್ರೆಷನ್ ಅಳೆಯುವ ಗೇಜ್ ಹಾಕಿ ಸುಮ್ನೆ ಗಾಬರಿಯಾಗಬೇಡಿ.

ಅಳೆದ ರೀತಿ ಸರಿಯಿತ್ತಾ ಅಂತಲೂ ನೋಡಿ. ಪೆಟ್ರೋಲ್ ಇಂಜಿನ್ ಆದರೆ ಎಲ್ಲಾ ಸ್ಪಾರ್ಕ್ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್ ಆಗಿರಬೇಕು, ಬ್ಯಾಟರಿ ಫುಲ್ ಚಾರ್ಜ್ ಇರಬೇಕು, ಥ್ರಾಟಲ್ (ಇಂಜಿನ್ ಒಳಗೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದಿರಬೇಕು. ಥ್ರಾಟಲ್ ಮರೆಯುವವರೇ ಜಾಸ್ತಿ. ಗಾಳಿಯೇ ಒಳಗೆ ಹೋಗದಿದ್ದರೆ ಒತ್ತಲು ಏನಿರುತ್ತದೆ, ಅಲ್ವಾ?

ಗೇಜ್‌ನ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನೇ ನಾನು ಮೊದಲು ನೋಡುವುದು. ಎಲ್ಲವೂ ಒಂದೇ ಸಮ ತುಸು ಕಡಿಮೆ ಇದ್ದರೆ ಸ್ವಲ್ಪ ಓಡಿಸಿ ಮತ್ತೆ ಅಳೆಯಿರಿ. ತೀರಾ ಕಡಿಮೆ ಇದ್ದರೆ, ಗಾಳಿ ಮತ್ತು ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ಕೆಲಸವನ್ನು ಸಮಯಕ್ಕೆ ಸರಿಯಾಗಿ ನಡೆಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿದೆಯಾ ನೋಡಿ. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಅಳೆಯಿರಿ. ಆಯಿಲ್ ರಿಂಗ್ ಸುತ್ತಲಿನ ಸಂದಿ ಮುಚ್ಚುತ್ತದೆ, ಹಾಗಾಗಿ ಅಂಕಿ ಏರಿದರೆ ಸೋರಿಕೆ ರಿಂಗ್ ಕಡೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ.