12 ಲಕ್ಷದೊಳಗೆ ಸಾಗರಯಾನಕ್ಕೆ ಯಾವ ಹಾಯಿದೋಣಿ ಕೊಳ್ಳಬಹುದು?

ಕೈಯಲ್ಲಿ 12 ಲಕ್ಷ ರೂಪಾಯಿ ಇದೆ, ಮಲೇಷ್ಯಾದಲ್ಲಿ 40 ಅಡಿಯ ಹಳೆಯ ಹಾಯಿದೋಣಿಯೊಂದು 11 ಲಕ್ಷಕ್ಕೆ ಸಿಗುತ್ತಿದೆ, ಪತ್ನಿಯೊಂದಿಗೆ ಒಂದೆರಡು ವರ್ಷ ಸಮುದ್ರ ಸುತ್ತುವ ಆಸೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ. 27–28 ಅಡಿಯ ದೋಣಿಯನ್ನು ಐದಾರು ಲಕ್ಷದೊಳಗೆ ಹುಡುಕಿ, ಉಳಿದ ಹಣವನ್ನು ಅದರ ದುರಸ್ತಿಗೆಂದೇ ಎತ್ತಿಡಿ.

ನಾನು ಕುಂಬಳೆಯವನು. ಕಾಸರಗೋಡು ಕರಾವಳಿಯ ಎಷ್ಟೋ ಮಂದಿಯಂತೆ ಸರಕು ಹಡಗುಗಳಲ್ಲಿ ದುಡಿದೆ. 19 ವರ್ಷ ಡೆಕ್ಕಿನ ಕೆಲಸ, ಕೊನೆಗೆ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ನಡುವೆ ಒಂದು ಚಳಿಗಾಲ, ಹಡಗಿನ ಗೆಳೆಯನೊಂದಿಗೆ ಪಾಲು ಹಾಕಿ ಮಲೇಷ್ಯಾದ ಲಂಗ್ಕಾವಿ ದ್ವೀಪದಲ್ಲಿ 28 ಅಡಿಯ ಫೈಬರ್ ಹಾಯಿದೋಣಿ ಕೊಂಡು, ಶ್ರೀಲಂಕಾದ ಗಾಲೆಯವರೆಗೆ ಓಡಿಸಿದೆ. ಅಲ್ಲಿ ಕಲಿತದ್ದನ್ನೇ ಹೇಳುತ್ತಿದ್ದೇನೆ.

28 ಅಡಿಯಿಂದ 40 ಅಡಿಗೆ ಹೋದರೆ ಉದ್ದ ಒಂದೂವರೆ ಪಟ್ಟೂ ಆಗುವುದಿಲ್ಲ, ತೂಕ ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಲಂಗರು, ಸರಪಳಿ, ಹಗ್ಗ, ಹಾಯಿ, ತಳಕ್ಕೆ ಬಳಿಯುವ ಬಣ್ಣ, ದೋಣಿಯನ್ನು ದಡಕ್ಕೆ ಎತ್ತುವ ಬಾಡಿಗೆ, ಎಲ್ಲವೂ ಆ ತೂಕದ ಹಿಂದೆಯೇ ಓಡುತ್ತವೆ. ವೇಗದಲ್ಲಿ ಸಿಗುವ ಲಾಭ ಗಂಟೆಗೆ ಸುಮಾರು ಒಂದು ನಾಟಿಕಲ್ ಮೈಲಿ. 11 ಲಕ್ಷಕ್ಕೆ 40 ಅಡಿಯ ದೋಣಿ ಸಿಗುತ್ತಿದೆ ಎಂದರೆ ಅದರ ಮಾಲೀಕನಿಗೆ ಆ ಖರ್ಚು ತಾಳಲಾಗಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಕೊಂಡ ಮೇಲೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಚಿಕ್ಕ ದೋಣಿ ಸಾಗರಕ್ಕೆ ತಾಳೀತೇ ಎಂಬ ಅಂಜಿಕೆ ಸಹಜ. 1969ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಮುಗಿಸಿದ 'ಸುಹೈಲಿ' 32 ಅಡಿಯದು, ನಮ್ಮ ಮುಂಬಯಿಯಲ್ಲೇ ತೇಗದಲ್ಲಿ ಕಟ್ಟಿದ್ದು. ಅಮೆರಿಕದ ಮ್ಯಾಟ್ ರದರ್‌ಫರ್ಡ್ ಎರಡೂ ಅಮೆರಿಕ ಖಂಡಗಳನ್ನು 309 ದಿನಗಳಲ್ಲಿ ತಡೆಯಿಲ್ಲದೆ ಸುತ್ತಿ 2012ರಲ್ಲಿ ಮರಳಿದ್ದು 27 ಅಡಿಯ ಆಲ್ಬಿನ್ ವೇಗಾದಲ್ಲಿ. ಸ್ವೀಡನ್ನಿನ ಈ ಫೈಬರ್ ದೋಣಿಯನ್ನು 1979ರವರೆಗೆ 3,400ಕ್ಕೂ ಹೆಚ್ಚು ಕಟ್ಟಿದ್ದಾರೆ, ಹಾಗಾಗಿ ಇಂದಿಗೂ ಅಗ್ಗಕ್ಕೆ ಸಿಗುತ್ತದೆ. ಕಾಂಟೆಸ್ಸಾ 26, ಪಿಯರ್ಸನ್ ಟ್ರೈಟನ್ ಕೂಡ ಇದೇ ಜಾತಿಯವು. ಮರದ ದೋಣಿ ಎಷ್ಟೇ ಚೆಂದವಿದ್ದರೂ ನಿಮಗೆ ಬೇಡ. ನಮ್ಮ ಬೆಚ್ಚನೆಯ ನೀರಿನಲ್ಲಿ ಮರ ಕೊರೆಯುವ ಹುಳು ಬಿಡುವುದಿಲ್ಲ.

ಇನ್ನು ದೋಣಿ ನೋಡುವ ಬಗೆ. ಲಂಗ್ಕಾವಿಯಲ್ಲಿ ನಮಗೆ ಮೊದಲು ಸಿಕ್ಕಿದ್ದು 32 ಅಡಿಯದು. ಒಳಗೆ ವಾರ್ನಿಷಿನ ಮಿಂಚು, ಹೊಸ ಮೆತ್ತೆ, ಒಲೆ, ಫ್ರಿಜ್ಜು. ಗೆಳೆಯ ಮಾರುಹೋಗಿದ್ದ. ನಾನು ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಡೆಕ್ಕಿನ ಮೇಲೆ ಮಂಡಿಯೂರಿ, ಹಲಸಿನಕಾಯಿ ತಟ್ಟಿ ನೋಡುವಂತೆ ಗೇಣು ಗೇಣಿಗೂ ತಟ್ಟುತ್ತಾ ಹೋದೆ. ಟಕ್, ಟಕ್ ಎನ್ನುತ್ತಿದ್ದ ಸದ್ದು, ಹಾಯಿ ಕಟ್ಟುವ ಕಂಬವಾದ ಕೂವೆಮರದ ಪಕ್ಕಕ್ಕೆ ಬರುವಾಗ ದಬ್ ಎಂದಿತು. ಹಲಸಾದರೆ ಹಣ್ಣಾಗಿದೆ ಎಂದು ಹಿಗ್ಗುವ ಸದ್ದು ಅದು. ಮಾಲೀಕನ ಒಪ್ಪಿಗೆ ಪಡೆದು ಅಲ್ಲಿದ್ದ ಒಂದು ತಿರುಪನ್ನು ಬಿಚ್ಚಿದೆವು. ಕಾಫಿ ಬಣ್ಣದ ನೀರು ಹನಿಹನಿಯಾಗಿ ಒಸರಿತು. ಎರಡು ಪದರ ಫೈಬರ್ ನಡುವೆ ಇಟ್ಟ ಹಗುರ ಮರ ಪೂರ್ತಿ ಕೊಳೆತಿತ್ತು. ಅದನ್ನು ಕಿತ್ತು ಸರಿಪಡಿಸಲು ತಿಂಗಳುಗಟ್ಟಲೆ ಕೆಲಸ. ಅಲ್ಲಿಂದ ಎದ್ದು ಬಂದು, ಒಳಗೆ ಹೊಗೆ ಹಿಡಿದಿದ್ದರೂ ಡೆಕ್ ಗಟ್ಟಿಯಿದ್ದ 28 ಅಡಿಯದನ್ನು ಕೊಂಡೆವು. ಮೆತ್ತೆಯನ್ನು ಊರ ದರ್ಜಿ ಹೊಲಿದುಕೊಡುತ್ತಾನೆ.

ಡೆಕ್ಕಿನ ನಂತರ ಕೂವೆಮರವನ್ನು ಎಳೆದು ಹಿಡಿಯುವ ಸ್ಟೀಲ್ ತಂತಿಗಳನ್ನು ನೋಡಿ. ನಮ್ಮದರಲ್ಲಿ ಎಂಟಿದ್ದವು. ಹತ್ತಿಯ ಉಂಡೆಯನ್ನು ತಂತಿಯ ಉದ್ದಕ್ಕೂ ಎಳೆದರೆ ಮುರಿದ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ತುದಿಯ ಹಿಡಿಕೆಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ತಂತಿಗೆ ಹತ್ತು ವರ್ಷ ದಾಟಿದ್ದರೆ ಅಥವಾ ವಯಸ್ಸು ಮಾಲೀಕನಿಗೇ ಗೊತ್ತಿಲ್ಲದಿದ್ದರೆ ಚೌಕಾಸಿ ಬೇಡ, ಎಲ್ಲವನ್ನೂ ಬದಲಿಸಿ. ನಮಗೆ ಅದಕ್ಕೇ ಒಂದೂವರೆ ಲಕ್ಷ ಹೋಯಿತು. ತಳದಲ್ಲಿ ಸಮುದ್ರದ ನೀರು ಒಳಬರುವ ಕವಾಟಗಳು, ಕೀಲ್ (ದೋಣಿ ಮಗುಚದಂತೆ ತಳದಲ್ಲಿ ಕೆಳಕ್ಕೆ ಇಳಿದಿರುವ ಭಾರದ ರೆಕ್ಕೆ) ಹಿಡಿದಿರುವ ಬೋಲ್ಟುಗಳು, ಚುಕ್ಕಾಣಿಯ ಸಡಿಲ, ಇವನ್ನೂ ಬಿಡಬೇಡಿ. ಎಂಜಿನ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಚಿಕ್ಕ ಡೀಸೆಲ್ ಎಂಜಿನ್ ಬಿಚ್ಚಿ ಕೂಡಿಸಬಲ್ಲವರು ಪ್ರತಿ ಮೀನುಗಾರಿಕಾ ಬಂದರಿನಲ್ಲೂ ಇದ್ದಾರೆ.

ಗಾಲೆಗೆ ಸುಮಾರು 1,150 ನಾಟಿಕಲ್ ಮೈಲಿ, ನಮಗೆ 13 ದಿನ ಹಿಡಿಯಿತು. ಜನವರಿಯ ಈಶಾನ್ಯ ಗಾಳಿ ಬೆನ್ನಿಗಿತ್ತು. ಆರನೆಯ ರಾತ್ರಿ ಎರಡು ಗಂಟೆಗೆ, ಗೆಳೆಯ ಜ್ವರದಿಂದ ಮಲಗಿದ್ದಾಗ, ಮಳೆಗಾಳಿ ಒಮ್ಮೆಲೇ ಬಂದು ಬಡಿಯಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮುಂದಕ್ಕೆ ತೆವಳಿ, ಒಂದು ಕೈಯಲ್ಲಿ ಕೂವೆಮರ ತಬ್ಬಿ, ಇನ್ನೊಂದು ಕೈಯಲ್ಲಿ ದೊಡ್ಡ ಹಾಯಿಯನ್ನು ಎಳೆದಿಳಿಸಿ ಕಟ್ಟಿದೆ. ಆ ಹಾಯಿ ನನ್ನ ಒಂದು ಕೈಯ ಬಲಕ್ಕೆ ಒಗ್ಗುವಷ್ಟೇ ಇತ್ತು. 40 ಅಡಿಯ ದೋಣಿಯ ಹಾಯಿ ಆಗಿದ್ದರೆ ನನ್ನೊಬ್ಬನಿಂದ ಆಗುತ್ತಿರಲಿಲ್ಲ. ನೀವಿಬ್ಬರೇ ಹೋಗುವವರು, ಒಬ್ಬರು ಮಲಗಿದಾಗ ಇನ್ನೊಬ್ಬರು ಒಂಟಿ. ನಿಮ್ಮ ಪತ್ನಿಯ ಒಂದು ಕೈಗೆ ಬಗ್ಗುವ ಹಾಯಿಯೇ ನಿಮ್ಮ ದೋಣಿಯ ಅಳತೆಯಾಗಲಿ.

ನಮ್ಮ ಕಡೆಯ ಎರಡು ವಿಷಯ. ನೀರಿನೊಳಗೆ ಎರಡು ಮೀಟರ್ ಇಳಿಯುವ ಕೀಲ್ ಇರುವ ದೋಣಿಯನ್ನು ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯಂಥ ಜಾಗಕ್ಕೆ ತರಲು ನಾನು ಧೈರ್ಯ ಮಾಡುವುದಿಲ್ಲ, ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ವೇಗಾದಂಥದ್ದಕ್ಕೆ 1.2 ಮೀಟರ್ ಸಾಕು. ಹೊರದೇಶದ ದೋಣಿಯನ್ನು ತಂದು ಇಲ್ಲೇ ಇಟ್ಟುಕೊಳ್ಳುವುದಾದರೆ ಆಮದು ಸುಂಕ, ತೆರಿಗೆ ಸೇರಿ ಲೆಕ್ಕವೇ ತಲೆಕೆಳಗಾಗಬಹುದು. ಮುಂಗಡ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟರ ಬಳಿ ಕೇಳಿ.

27–28 ಅಡಿಯದು ಯಾವುದಾದರೂ ಕಣ್ಣಿಗೆ ಬಿದ್ದರೆ, ಮಾಲೀಕನಿಂದ ಕೂವೆಮರದ ಬುಡದ ಮತ್ತು ತಂತಿಗಳ ತುದಿಯ ಫೋಟೋಗಳನ್ನು ಹತ್ತಿರದಿಂದ ತೆಗೆಸಿ ಇಲ್ಲಿ ಹಾಕಿ. ಒಳಗಿನ ಕೋಣೆಯ ಫೋಟೋ ಬೇಕಾಗಿಲ್ಲ. ನೋಡಿ ಹೇಳುತ್ತೇನೆ.