ಬೇಸಿಗೆಯ ಕೊನೆಯಲ್ಲಿ ಬೀದರ್ ಬಯಲಿನ ಚಿಗರಿಗಳ ಚಿತ್ರ ಏಕೆ ಮಸುಕಾಗುತ್ತದೆ?

ಬೀದರ್ ಸುತ್ತಲಿನ ಹೊಲಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ನಡೆದಾಡುತ್ತ 300 ಮಿಲಿಮೀಟರಿನ ಲೆನ್ಸಿನಲ್ಲಿ ತೆಗೆದ ಜಿಂಕೆಗಳ ಚಿತ್ರಗಳು ಮಸುಕಾಗಿವೆ, ಇನ್ನೂ ದೊಡ್ಡ ಲೆನ್ಸ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಳ್ಳಬೇಡಿ. ಮೇ ತಿಂಗಳ ಕೊನೆಯಲ್ಲಿ, ಬಿತ್ತನೆಗೆ ಹದಗೊಳಿಸಿದ ಬರಿನೆಲವು ಆ ಹೊತ್ತಿಗಾಗಲೇ ಕಾದಿರುತ್ತದೆ. ಅದರಿಂದ ಮೇಲೇಳುವ ಬಿಸಿಗಾಳಿ ಬೆಳಕನ್ನು ಕ್ಷಣಕ್ಷಣಕ್ಕೂ ಬಾಗಿಸುವುದರಿಂದ ದೂರದ ಪ್ರಾಣಿಯ ಅಂಚು ನಡುಗುತ್ತದೆ. ಲೆನ್ಸ್ ದೊಡ್ಡದಾದಷ್ಟೂ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ. ನಾನು ಎರಡು ಬೇಸಿಗೆ ಕಾಲ ಇದನ್ನು ಫೋಕಸಿನ ದೋಷವೆಂದೇ ನಂಬಿ ಕ್ಯಾಮೆರಾವನ್ನು ಬೈದುಕೊಂಡಿದ್ದೆ.

ಸೂರ್ಯೋದಯಕ್ಕೆ ಮೊದಲೇ ಹೊಲ ತಲುಪಿ, ಎಂಟು ಗಂಟೆಯೊಳಗೆ ಜಿಂಕೆಗಳ ಕೆಲಸ ಮುಗಿಸುವುದು ಲೇಸು. ನೀವು ಜಿಂಕೆ ಎಂದಿರುವುದು, ಚಿತ್ರದಲ್ಲಿನ ಸುರುಳಿಕೋಡು ನೋಡಿದರೆ, ನಮ್ಮ ಕಡೆಯವರು ಚಿಗರಿ ಎನ್ನುವ ಕೃಷ್ಣಮೃಗ; ಚುಕ್ಕೆಜಿಂಕೆಯಂತೆ ಇದು ಕೋಡು ಉದುರಿಸುವುದಿಲ್ಲ. ಟ್ರ್ಯಾಕ್ಟರ್, ಬೈಕು, ದನಗಳನ್ನು ದಿನವೂ ನೋಡಿರುವ ಚಿಗರಿ ಅವುಗಳಿಗೆ ಅಷ್ಟಾಗಿ ಬೆದರುವುದಿಲ್ಲ, ಆದರೆ ತನ್ನತ್ತ ನೇರವಾಗಿ ನಡೆದುಬರುವ ಮನುಷ್ಯನನ್ನು ಕಂಡೊಡನೆ ಓಡುತ್ತದೆ. ಆದ್ದರಿಂದ ಹೊಲದ ಒಡೆಯರನ್ನು ಕೇಳಿಕೊಂಡು, ಬದುವಿನ ಮೇಲಿನ ಜಾಲಿಯ ಮರೆಯಲ್ಲಿ ಸೂರ್ಯನಿಗೆ ಬೆನ್ನು ಮಾಡಿ ಕುಳಿತುಬಿಡಿ. ಬಲಿತ ಗಂಡಿನ ಕಪ್ಪು ಬೆನ್ನು ಕ್ಯಾಮೆರಾದ ಬೆಳಕಿನ ಅಳತೆಯನ್ನು ತಪ್ಪಿಸಿ ಬಿಳಿ ಹೊಟ್ಟೆಯನ್ನು ಸುಟ್ಟಂತೆ ತೋರಿಸುವುದರಿಂದ, ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ತಗ್ಗಿಸಿಕೊಳ್ಳಬೇಕು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಓಟದ ಚಿತ್ರಕ್ಕಾಗಿ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗುವುದು ಅಪರಾಧ.

ಹಕ್ಕಿಗಳಲ್ಲಿ ನೀಲಕಂಠ ಸುಲಭ, ವಿದ್ಯುತ್ ತಂತಿಯ ಮೇಲೆ ಬಹಳ ಹೊತ್ತು ಕೂರುತ್ತದೆ. ಎಚ್ಚರ ಬೇಕಾಗಿರುವುದು ಟಿಟ್ಟಿಭದ ವಿಷಯದಲ್ಲಿ. ಅದು ಈ ದಿನಗಳಲ್ಲಿ ಬಯಲಿನ ಹರಳುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಟ್ಟು, ನೀರಿನಲ್ಲಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಅವುಗಳನ್ನು ತಂಪಾಗಿಡುತ್ತದೆ. ತಲೆಯ ಮೇಲೆ ಸುತ್ತುತ್ತ ಕೂಗಲು ತೊಡಗಿದರೆ ಗೂಡು ಹತ್ತಿರದಲ್ಲಿದೆ ಎಂದೇ ತಿಳಿದು, ಬಂದ ದಾರಿಯಲ್ಲೇ ಹಿಂತಿರುಗಿ; ಅಷ್ಟು ಬಿಸಿಲಿನಲ್ಲಿ ತಾಯಿ ದೂರವಿದ್ದರೆ ಮೊಟ್ಟೆಗಳು ಬೇಯುತ್ತವೆ.

ಬಿಸಿಲೇರಿದ ಮೇಲೆ ಕೀಟಗಳತ್ತ ತಿರುಗಬಹುದು, ಏಕೆಂದರೆ ಒಂದೆರಡು ಅಡಿ ಅಂತರದಲ್ಲಿ ಗಾಳಿಯ ನಡುಕ ಅಡ್ಡಿಯಾಗುವುದಿಲ್ಲ. ಮರದ ನೆರಳಿನ ಸಡಿಲ ಮಣ್ಣಿನಲ್ಲಿ ಆಲಿಕೆಯಂತಹ ಗುಂಡಿ ತೋಡಿ ಇರುವೆಗಾಗಿ ಕಾಯುವ ಇರುವೆಸಿಂಹದ (ಆಂಟ್‌ಲಯನ್) ಮರಿಹುಳುವಿನಿಂದಲೇ ಆರಂಭಿಸಿ. ನಿಮ್ಮ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸಪ್ ಗಾಜೊಂದು ಸಾಕಾಗುತ್ತದೆ, ಬೆಲೆಯೂ ಕಡಿಮೆ. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಮಾತ್ರ ಜಿಂಕೆಗಳನ್ನು ಬಿಟ್ಟು ನೆಲವನ್ನೇ ನೋಡುತ್ತ ಹೋಗಿ: ಮಖಮಲ್ಲಿನಂತಹ ಕೆಂಪು ಹುಳುಗಳು ಮಣ್ಣಿನಿಂದ ಮೇಲೆ ಬಂದಿರುತ್ತವೆ. ಎಂಟು ಕಾಲಿನ ಅವು ಲೆಕ್ಕಕ್ಕೆ ಕೀಟಗಳಲ್ಲ, ಜೇಡದ ಬಳಗದವು. ಕೆಲವೇ ದಿನ ಕಾಣಸಿಗುತ್ತವೆ, ಮತ್ತು ಒದ್ದೆ ಮಣ್ಣಿನಲ್ಲಿ ಹೊಟ್ಟೆಯ ಮೇಲೆ ಮಲಗದೆ ಅವುಗಳ ಒಳ್ಳೆಯ ಚಿತ್ರ ಸಿಗುವುದಿಲ್ಲ.