ಜೆಲ್ಲಿ ಎಷ್ಟು ಗಟ್ಟಿಯಿದೆ ಎಂದು ಅಳೆಯಲು ಯಾವ ವಿಸ್ಕಾಮೀಟರ್ ಕೊಳ್ಳಲಿ?

ಯಾವುದೂ ಬೇಡ. ವಿಸ್ಕಾಮೀಟರ್ ಅಳೆಯೋದು ದ್ರವದ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನು. ಕಿತ್ತಳೆ ಜೆಲ್ಲಿಗೆ ಅದರ ಸ್ಪಿಂಡಲ್ (ತಿರುಗುವ ಕಡ್ಡಿ) ಇಳಿಸಿದಾಗೆಲ್ಲ ಬೇರೆ ಬೇರೆ ಅಂಕಿ ಬರುತ್ತೆ ಅಂದಿದ್ದೀರಿ. ಇನ್ನೂ ದುಬಾರಿ ಮೆಷಿನ್ ತಂದರೂ ಹಾಗೇ ಬರುತ್ತೆ.

ಗೋಣಿಕೊಪ್ಪದಲ್ಲಿ ನಾವೂ ಕಿತ್ತಳೆ ಜೆಲ್ಲಿ ಮಾಡಿ ಮಡಿಕೇರಿಯ ಅಂಗಡಿಗಳಿಗೆ ಹಾಕ್ತಿದ್ದೆವು. ಸೆಟ್ ಆದ ಜೆಲ್ಲಿಯನ್ನು ಚಮಚದಲ್ಲಿ ತೋಡಿ ಬೀಕರಿಗೆ ತುಂಬೋದು, ಸ್ಪಿಂಡಲ್ ತಿರುಗಿಸಿ ಅಂಕಿ ಬರೆದಿಡೋದು, ಇದು ನನ್ನ ಪದ್ಧತಿ. ಒಂದು ಮಳೆಗಾಲ ಅಂಕಿ ಇಳೀತಾ ಹೋಯ್ತು. ಜೆಲ್ಲಿ ಕಟ್ಟಿಸುವ ಪೆಕ್ಟಿನ್ ಸಾಲದು ಅಂತ ಹೆಚ್ಚಿಸಿದೆ, ಮತ್ತೂ ಹೆಚ್ಚಿಸಿದೆ. ಜೆಲ್ಲಿ ಬ್ರೆಡ್ಡಿಗೆ ಸವರಲಾಗದಷ್ಟು ಗಟ್ಟಿಯಾಯ್ತು, ಅಂಕಿ ಮಾತ್ರ ಏರಲಿಲ್ಲ. ಅಂಗಡಿಯವರು ಮಾಲು ವಾಪಸ್ ಕಳಿಸಿದರು.

ಎಡವಟ್ಟಾಗಿದ್ದು ಆ ಚಮಚದಲ್ಲೇ. ಸಕ್ಕರೆ, ಹುಳಿ ಸೇರಿ ಸೆಟ್ ಆಗುವ ಪೆಕ್ಟಿನ್ ಜೆಲ್ಲಿನ ಜಾಲ ಒಮ್ಮೆ ಹರಿದರೆ ಮತ್ತೆ ಕೂಡೋದಿಲ್ಲ. ತೋಡುವಾಗಲೇ ಅದು ಹರಿದಿರುತ್ತೆ. ಎಷ್ಟು ಹರಿಯಿತು ಅನ್ನೋದು ಅವತ್ತು ತೋಡಿದವರ ಕೈ ಮೇಲೆ. ಆಮೇಲೆ ಸ್ಪಿಂಡಲ್ ತನ್ನ ಸುತ್ತ ಒಂದು ಗುಂಡಿ ಕೊರೆದುಕೊಳ್ಳುತ್ತೆ, ಒಡೆದ ತುಂಡುಗಳಿಂದ ಒಸರಿದ ಪಾಕ ಅಲ್ಲಿ ತುಂಬುತ್ತೆ. ನಾನು ಅಳೀತಿದ್ದದ್ದು ಆ ತೆಳು ಪಾಕವನ್ನು. ಬೀಕರಿನೊಳಗೆ ಬಗ್ಗಿ ನೋಡಿದ್ದರೆ ಕಣ್ಣಿಗೇ ಕಾಣುತ್ತಿತ್ತು: ನಡುವೆ ನುಣ್ಣಗೆ ಸುತ್ತುವ ಸ್ಪಿಂಡಲ್, ಆಚೆ ಅಲುಗದೆ ಕೂತ ಜೆಲ್ಲಿ.

ಆದ್ದರಿಂದ ಜೆಲ್ಲಿಗೆ ಸ್ನಿಗ್ಧತೆ ಕೇಳೋದೇ ತಪ್ಪು ಪ್ರಶ್ನೆ. ಸೆಟ್ ಆದ ಜೆಲ್ಲಿ ದ್ರವದಂತೆ ಹರಿಯೋದಿಲ್ಲ. ಎಷ್ಟು ಒತ್ತಿದರೆ ಎಷ್ಟು ಮಣಿಯುತ್ತೆ, ಎಲ್ಲಿ ಒಡೆಯುತ್ತೆ ಅಂತ ಕೇಳಬೇಕು. ಲ್ಯಾಬಿನಲ್ಲಾದರೆ ಇದನ್ನು ಅಳೆಯುವ ರಿಯೋಮೀಟರ್ ಅನ್ನೋ ಯಂತ್ರಕ್ಕೆ ಬಿಸಿಯಿರುವಾಗಲೇ ಸುರಿದು ಅಲ್ಲೇ ಸೆಟ್ ಆಗಲು ಬಿಡ್ತಾರೆ. ಅಂಚಿಗೆ ಎಣ್ಣೆ ಹಚ್ಚಿ ಒಣಗದಂತೆ ನೋಡ್ಕೊಂಡು, ಜಾಲ ಹರಿಯದಷ್ಟು ಸಣ್ಣಗೆ ಹಿಂದಕ್ಕೆ ಮುಂದಕ್ಕೆ ಅಲುಗಿಸಿ ನೋಡ್ತಾರೆ. ಆಗ ಎರಡು ಅಂಕಿ ಸಿಗುತ್ತೆ: ಜಿ ಪ್ರೈಮ್ ಅಂದರೆ ಜೆಲ್ಲಿಯ ಸ್ಥಿತಿಸ್ಥಾಪಕತ್ವ, ಜಿ ಡಬಲ್ ಪ್ರೈಮ್ ಅಂದರೆ ದ್ರವದಂತೆ ವರ್ತಿಸುವ ಸ್ನಿಗ್ಧ ಭಾಗ. ಮನೆ ಉದ್ಯಮಕ್ಕೆ ಅದು ಬೇಕಿಲ್ಲ.

ನಿಮಗೆ ಸ್ಯಾಗ್ ಪರೀಕ್ಷೆ, ಅಂದರೆ ಜೆಲ್ಲಿ ಎಷ್ಟು ಕುಸಿಯುತ್ತೆ ಅಂತ ನೋಡೋದು, ಸಾಕು. ಪೆಕ್ಟಿನ್ನಿನ ಜೆಲ್ಲಿ ಕಟ್ಟುವ ಶಕ್ತಿಗೆ ಗ್ರೇಡ್ ಕೊಡೋದೂ ಇದರಲ್ಲೇ. 79.4 ಮಿಲಿಮೀಟರ್ ಎತ್ತರದ ಗ್ಲಾಸಿನ ಬಾಯಿಗೆ ಮೇಲಕ್ಕೆ ಚಾಚುವಂತೆ ಟೇಪ್ ಸುತ್ತಿ, ಗ್ಲಾಸಿನ ಅಂಚು ಮೀರುವಂತೆ ಬಿಸಿ ಜೆಲ್ಲಿ ಸುರೀರಿ. ಮರುದಿನ ಹೆಚ್ಚಾದದ್ದನ್ನು ತಂತಿಯಿಂದ ಕೊಯ್ದು, ಗಾಜಿನ ಮೇಲೆ ಮಗುಚಿ, 2 ನಿಮಿಷದ ನಂತರ ಎಷ್ಟು ಕುಸಿದಿದೆ ಅಳೀರಿ. ಪೆಕ್ಟಿನ್ ಗ್ರೇಡಿಂಗಿಗೆ ಮಾನದಂಡ ಎತ್ತರದಲ್ಲಿ 23.5 ಶೇಕಡ ಕುಸಿತ. ನಿಮ್ಮ ಜೆಲ್ಲಿಗೆ ಗಿರಾಕಿಗಳು ಒಪ್ಪಿದ ಬ್ಯಾಚಿನ ಕುಸಿತವೇ ಮಾನದಂಡವಾಗಲಿ. ನಮ್ಮ ಜುಲೈ ಚಳಿಯಲ್ಲೂ ಮಾರ್ಚಿನ ಸೆಕೆಯಲ್ಲೂ ಒಂದೇ ಉಷ್ಣಾಂಶದಲ್ಲಿಟ್ಟೇ ಅಳೀಬೇಕು.

ವಿಸ್ಕಾಮೀಟರಿನ ದುಡ್ಡಲ್ಲಿ ಹುಳಿ ನೋಡಲು ಒಂದು ಪಿಎಚ್ ಮೀಟರ್, ಸಕ್ಕರೆ ನೋಡಲು ಒಂದು ಬ್ರಿಕ್ಸ್ ರಿಫ್ರಾಕ್ಟೋಮೀಟರ್ ತಗೊಳ್ಳಿ. ಜೆಲ್ಲಿ ಸೆಟ್ ಆಗದಿದ್ದರೆ ಪೆಕ್ಟಿನ್ನಿಗೆ ಕೈ ಹಾಕುವ ಮುಂಚೆ ಅವೆರಡನ್ನೂ ನೋಡಿ.